ಅಮೀರ್‌ಜಾನ್ ಕಂಬ ಹತ್ತಿದ ದಿನ

ಎರಡು ಸಾವಿರದ ಒಂದನೆಯ ಇಸವಿಯ ಮೇ ತಿಂಗಳಿನ ಒಂದು ಮಧ್ಯಾಹ್ನ ಸಂತೇಬೆನ್ನೂರಿನ ನೂರಾ ನಲವತ್ತಾರು ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು, ದಾವಣಗೆರೆಯ ಬಸ್ಸಿಗೆ ಕಾಯದೆ, ಮರುದಿನದ ಪತ್ರಿಕೆಯ ಹಂಗಿಗೆ ಬೀಳದೆ, ಇದ್ದೂರಿನಲ್ಲೇ ಕೂತು ಓದಿ ಹೇಳಿದವರು ಟೈಪಿಂಗ್ ಮೇಷ್ಟ್ರು ಮುರುಗೇಶಪ್ಪನವರು. ಈ ಮಾತನ್ನು ಊರಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯುವಷ್ಟು ಹೊತ್ತು ಮೇಷ್ಟ್ರು ಯಾರನ್ನೂ ಬಾಯಿ ತೆರೆಯಗೊಡುವುದೂ ಇಲ್ಲ.

ಆ ವರ್ಷ ಅವರು ಆರು ಟೈಪ್‌ರೈಟರುಗಳನ್ನು ಮಾರಿ ಒಂದು ಕಂಪ್ಯೂಟರು ತಂದಿದ್ದರು. ಅದರ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ಗಾತ್ರದ ಒಂದು ಮೋಡೆಮ್. ಟೆಲಿಫೋನಿನ ತಂತಿಯನ್ನು ಸಿಕ್ಕಿಸಿದರೆ ಅದು ತಾನೇ ನಂಬರು ಒತ್ತಿ, ದೂರದೂರಿನ ಇನ್ನೊಂದು ಮೋಡೆಮ್ಮಿನೊಡನೆ ಸಿಳ್ಳೆ ಹಾಕಿ ಮಾತಾಡಿ, ಇಂಟರ್ನೆಟ್ಟನ್ನು ಮನೆಯೊಳಕ್ಕೆ ಕರೆತರಬೇಕು. ಎರಡು ತಿಂಗಳು ಅದು ಕರೆತರಲಿಲ್ಲ. ‘ಡಯಲ್ ಟೋನ್ ಇಲ್ಲ’ ಎಂಬುದೊಂದೇ ಉತ್ತರ. ಫೋನೆತ್ತಿದರೆ ಮನುಷ್ಯನ ಕಿವಿಗೆ ಗುಂಯ್ ಎಂದು ಚೆನ್ನಾಗಿ ಕೇಳುವ ಸದ್ದು ಆ ಯಂತ್ರಕ್ಕೆ ಕೇಳದು. ಅದು ಕಲಿತು ಬಂದ ಸದ್ದು ಬೇರೆ, ನಮ್ಮ ಎಕ್ಸ್‌ಚೇಂಜು ಹಾಡುವ ಸದ್ದು ಬೇರೆ. ಮೇಷ್ಟ್ರು ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ನೂರ ಹನ್ನೆರಡು ಪುಟದ ಇಂಗ್ಲಿಷ್ ಕೈಪಿಡಿಯನ್ನು ಅಕ್ಷರ ಅಕ್ಷರವಾಗಿ ಓದಿದರು. ತೊಂಬತ್ತನೆಯ ಪುಟದಲ್ಲಿ ಸಿಕ್ಕಿತು ಮಂತ್ರ: ‘ಸದ್ದಿಗಾಗಿ ಕಾಯಬೇಡ, ನೇರವಾಗಿ ಕರೆ’ ಎಂದು ಯಂತ್ರಕ್ಕೆ ಹೇಳುವ ನಾಲ್ಕಕ್ಷರದ ಆಜ್ಞೆ. ಅಂದಿನಿಂದ ಯಂತ್ರ ಒಲಿಯಿತು.

ಫಲಿತಾಂಶದ ದಿನ ಬೆಳಿಗ್ಗೆ ಅವರು ಕಂಪ್ಯೂಟರಿಗೆ, ಮೋಡೆಮ್ಮಿಗೆ, ಗೋಡೆಯ ಬುಡದಲ್ಲಿ ಟೆಲಿಫೋನ್ ತಂತಿ ಬಂದು ಸೇರುವ ಬಿಳಿ ಡಬ್ಬಿಗೆ ವಿಭೂತಿ ಕುಂಕುಮವಿಟ್ಟು, ಕಾಯಿ ಒಡೆದು ಕೆಲಸಕ್ಕೆ ಕೂತರು. ಆದರೆ ಒಲಿದ ಯಂತ್ರ ಅಂದೇ ಮುನಿಯಿತು. ಸಿಳ್ಳೆ ಹಾಕುವುದು, ಕರಕರ ಎನ್ನುವುದು, ಕಡಿದುಹೋಗುವುದು. ಹೀಗೆ ಹನ್ನೊಂದು ಸಲ. ಅಂಗಳದಲ್ಲಿ ಇನ್ನೂರು ಜನ. ಎಕ್ಸ್‌ಚೇಂಜಿನಿಂದ ಲೈನ್‌ಮನ್ ಅಮೀರ್‌ಜಾನ್ ಸೈಕಲ್ಲಿನಲ್ಲಿ ಬಂದು, ಒಳಗೊಮ್ಮೆ ಇಣುಕಿ, ಮನೆಯ ಮುಂದಿನ ಕಂಬ ಹತ್ತಿದ. ಅವನು ಮೇಲೆ ಕೂತು ತಂತಿ ಹುಡುಕುತ್ತಿದ್ದಾಗ ಮೇಷ್ಟ್ರು ಕೆಳಗೆ ಕೂತು ಆಜ್ಞೆಯನ್ನು ತಿದ್ದಿ ಬರೆದರು. ಹನ್ನೆರಡನೆಯ ಸಲಕ್ಕೆ ಸಿಳ್ಳೆ ನಿಂತಿತು, ದೀಪ ಹತ್ತಿತು, ಫಲಿತಾಂಶದ ಪುಟ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೇಷ್ಟ್ರು ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದರು: “ಇಳಿಯಪ್ಪ ಅಮೀರ್‌ಜಾನ್, ಕೆಳಗೇ ಸಿಕ್ಕಿತು!”

ಅಂಗಳಕ್ಕೆ ಅಂಗಳವೇ ನಕ್ಕಿತ್ತು. ಇಪ್ಪತ್ತಮೂರು ವರ್ಷಗಳಿಂದ, ಮದುವೆಯ ಚಪ್ಪರದಲ್ಲಾಗಲಿ ಕ್ಷೌರದಂಗಡಿಯ ಬೆಂಚಿನ ಮೇಲಾಗಲಿ, ಕತೆ ಆ ಕೂಗಿನಲ್ಲೇ ಮುಗಿಯುತ್ತಿತ್ತು. ಕೇಳಿದವರು ಅಲ್ಲಿಯೇ ನಗುತ್ತಿದ್ದರು.

ಊರಿನ ಪ್ರೌಢಶಾಲೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಟೀಚರ್ ರುಹೀನಾ ಮಾತ್ರ ನಗಲಿಲ್ಲ. ತ್ಯಾವಣಿಗೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಇಪ್ಪತ್ತನಾಲ್ಕರ ಹುಡುಗಿ. ಶನಿವಾರ ಶಾಲೆಯಲ್ಲಿ ಹಳೆಯ ಯಂತ್ರಗಳ ಪ್ರದರ್ಶನವಿದೆ, ಮೇಷ್ಟ್ರ ಮೋಡೆಮ್ ಬೇಕು ಎಂದು ಕೇಳಲು ಬಂದಿದ್ದಳು.

“ಆ ಸಿಳ್ಳೆ ಮಕ್ಕಳಿಗೆ ಕೇಳಿಸ್ಬೇಕು ಮೇಷ್ಟ್ರೇ. ಮೊಬೈಲಿನಾಗೆ ಸಿಗುತ್ತೆ, ಆದ್ರೆ ಅದು ಬ್ಯಾಡ. ನಿಮ್ಮ ಮೋಡೆಮ್ಮೇ ಹಾಡ್ಬೇಕು.”

“ಹಾಡಿಸೋಣ ತಾಯಿ. ಅವತ್ತಿನ ಕತೆನೂ ನಾನೇ ಹೇಳ್ತೀನಿ.”

“ಹೇಳ್ರಿ. ಆದ್ರೆ…” ಎಂದು ಅವಳು ಕೈಚೀಲದ ಹಿಡಿಯನ್ನು ತಿರುವಿದಳು. “ಆ ಕಂಬದ ಮಾತೊಂದು ಬಿಟ್ಟು ಹೇಳಾಕೆ ಆಗುತ್ತಾ?”

“ಯಾಕಮ್ಮ? ಜನ ನಗೋದೇ ಅಲ್ಲಿ!”

“ಅದಕ್ಕೇ ರೀ. ಅಮೀರ್‌ಜಾನ್ ನಮ್ ದಾದಾ. ನಮ್ಮಪ್ಪನ ತಂದೆ. ಶನಿವಾರ ಅವ್ರನ್ನೂ ಕರ್ದಿದೀನಿ, ಮುಂದಿನ ಸಾಲಿನಾಗೆ ಕುಂತಿರ್ತಾರೆ. ಈಗ್ಲೇ ಹೈಸ್ಕೂಲ್ ಹುಡುಗ್ರು ನಾನು ಕ್ಲಾಸಿಗೆ ಬಂದ್ರೆ ‘ಇಳಿಯಪ್ಪ, ಇಳಿಯಪ್ಪ’ ಅಂತ ಹಿಂದಿನ ಬೆಂಚಿನಾಗೆ ಪಿಸುಗುಟ್ತಾರೆ. ನನಗಾದ್ರೆ ನಡೀತೈತೆ. ಅವ್ರ ಎದುರಿಗೆ ನಾನೂರು ಮಕ್ಕಳು ನಗೋದು ಬ್ಯಾಡ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಮೀರ್‌ಜಾನನಿಗೆ ಮರುವರ್ಷವೇ ವರ್ಗವಾಗಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತಿ ನಿವೃತ್ತನಾದನೆಂದು ಕೇಳಿದ್ದರು. ಹತ್ತು ಮೈಲಿಯ ತ್ಯಾವಣಿಗೆಯಲ್ಲೇ ನೆಲೆಸಿದ್ದಾನೆಂದು ತಿಳಿದಿರಲಿಲ್ಲ, ತಿಳಿದುಕೊಳ್ಳಲು ಹೋಗಿರಲೂ ಇಲ್ಲ.

“ನೋಡು ತಾಯಿ, ನಿಮ್ಮ ತಾತ ಒಳ್ಳೇ ಮನುಷ್ಯ. ಆದ್ರೆ ನಡೆದದ್ದನ್ನ ನಡೆದಂಗೇ ಹೇಳ್ಬೇಕು. ಅವರು ಕಂಬದ ಮೇಲಿದ್ದದ್ದು ಸುಳ್ಳಾ?”

“ಸುಳ್ಳಲ್ಲ. ಕೇಳಿದ್ರೆ ಅವ್ರೂ ‘ಹತ್ತಿದ್ದು ನಿಜ’ ಅಂತಾರೆ. ಮುಂದಕ್ಕೆ ಒಂದು ಮಾತೂ ಹೇಳಲ್ಲ.”

ಒಳಗಿನಿಂದ ಮೇಷ್ಟ್ರ ಹೆಂಡತಿ ಶಿವಗಂಗಮ್ಮನ ದನಿ ಬಂತು: “ಒಂದು ಕಂಬ ಕಿತ್ರೆ ನಿಮ್ಮ ಚಪ್ಪರ ಬಿದ್ದೋಗುತ್ತೇನ್ರೀ?”

ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ರುಹೀನಾ ಇನ್ನೊಮ್ಮೆ ಬೇಡಲಿಲ್ಲ. ಗುರುವಾರ ಶಾಲೆ ಬಿಟ್ಟ ಮೇಲೆ ಬರುವೆನೆಂದು ಹೇಳಿ ಹೋದಳು.

ಗುರುವಾರ ಅವಳು ಶಾಲೆಯ ಉಗ್ರಾಣದಿಂದ ಇನ್ನೊಂದು ಹಳೆಯ ಕಂಪ್ಯೂಟರನ್ನೂ ಮೋಡೆಮ್ಮನ್ನೂ ಆಟೋದಲ್ಲಿ ಹಾಕಿಕೊಂಡು ಬಂದಳು. ಮೇಷ್ಟ್ರ ಮನೆಯ ಲ್ಯಾಂಡ್‌ಲೈನು ನಿಂತು ಎಂಟು ವರ್ಷವಾಗಿತ್ತು. ಕರೆದರೆ ಎತ್ತುವ ಮೋಡೆಮ್ ಆ ಕಡೆಗೂ ಉಳಿದಿರಲಿಲ್ಲ. ಆದ್ದರಿಂದ ಒಂದೇ ಕೋಣೆಯಲ್ಲಿ ಎದುರುಬದುರು ಎರಡು ಯಂತ್ರ, ನಡುವೆ ಒಂದು ತಂತಿ, ಎಕ್ಸ್‌ಚೇಂಜಿನ ವಿದ್ಯುತ್ತಿನ ಬದಲಿಗೆ ಒಂದು ಚೌಕ ಬ್ಯಾಟರಿ. ಒಂದು ಕರೆಯಬೇಕು, ಇನ್ನೊಂದು ಎತ್ತಿಕೊಳ್ಳಬೇಕು.

“ತಂತಿ ಮಾತ್ರ ಆ ಡಬ್ಬಿಯ ಮೂಲಕವೇ ಹೋಗ್ಬೇಕು,” ಎಂದರು ಮೇಷ್ಟ್ರು. ಗೋಡೆಯ ಬಿಳಿ ಡಬ್ಬಿಯನ್ನು ಅದರ ಮರದ ಹಲಗೆಯ ಸಮೇತ ಅವರೇ ಬಿಚ್ಚಿ ಇಟ್ಟಿದ್ದರು. “ನೂರಾ ನಲವತ್ತಾರು ಮಕ್ಕಳ ಹಣೆಬರಹ ಇದರೊಳಗಿಂದ ಬಂತು. ಆವತ್ತಿಂದ ಇವತ್ತಿನವರೆಗೆ ಇದರ ಮುಚ್ಚಳ ಯಾರಿಗೂ ಮುಟ್ಟಗೊಟ್ಟಿಲ್ಲ.”

ಮೇಷ್ಟ್ರ ಕಂಪ್ಯೂಟರು ಮೊದಲು ಏಳಲೇ ಇಲ್ಲ, ಬರೇ ಕೂಗಿಕೊಂಡಿತು. ರುಹೀನಾ ಒಳಗಿನ ಮೆಮೊರಿಯ ಪಟ್ಟಿ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಪರದೆ ಬೆಳಗಿತು. ಮೂಲೆಯಲ್ಲಿ ತಾರೀಕು ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ ಎಂದು ತೋರಿಸುತ್ತಿತ್ತು.

“ನೋಡ್ರಿ, ಇದರ ಲೆಕ್ಕದಾಗೆ ನಾನಿನ್ನೂ ಹುಟ್ಟೇ ಇಲ್ಲ,” ಎಂದಳು ರುಹೀನಾ.

“ನನಗಿನ್ನೂ ಮದುವೆ ಆಗಿಲ್ಲ!” ಎಂದರು ಮೇಷ್ಟ್ರು.

“ಅಷ್ಟು ಪುಣ್ಯ ನಂಗೆಲ್ಲಿ,” ಎಂದು ಚಹಾದ ಲೋಟವಿಟ್ಟು ಹೋದರು ಶಿವಗಂಗಮ್ಮ.

ಮೇಷ್ಟ್ರ ಬೆರಳುಗಳಿಗೆ ಆ ನಾಲ್ಕಕ್ಷರದ ಆಜ್ಞೆ ಮರೆತಿರಲಿಲ್ಲ. ‘ಸದ್ದಿಗಾಗಿ ಕಾಯಬೇಡ.’ ಎಕ್ಸ್‌ಚೇಂಜೇ ಇಲ್ಲದ ಮೇಲೆ ಸದ್ದು ತಾನೇ ಎಲ್ಲಿಯದು? ಈ ಕಡೆಯ ಮೋಡೆಮ್ ಕರೆಯಿತು, ಆ ಕಡೆಯದು ಎತ್ತಿತು. ಕೀರಲು ದನಿ, ಅದರ ಮೇಲೊಂದು ಗಡಸು ದನಿ. ಮೇಷ್ಟ್ರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕರಕರ ಎಂದು ಕಡಿದುಹೋಯಿತು.

ಮತ್ತೊಮ್ಮೆ. ಮತ್ತೆ ಕರಕರ.

“ಅವತ್ತೂ ಹಿಂಗೇ ಆಗಿತ್ತು,” ಎಂದರು ಮೇಷ್ಟ್ರು, ಹುರುಪಿನಿಂದ. “ಈಗ ನೋಡು.” ಅವರು ಆಜ್ಞೆಯನ್ನು ಅಂದು ತಿದ್ದಿದಂತೆಯೇ ತಿದ್ದಿದರು. ಕಡಿದುಹೋಯಿತು. ಇನ್ನೊಂದು ಬಗೆಯಲ್ಲಿ ತಿದ್ದಿದರು. ಕಡಿದುಹೋಯಿತು.

“ಒಂದೊಂದನ್ನೇ ಬದಲಿಸಿ ನೋಡೋಣ ಮೇಷ್ಟ್ರೇ. ಒಟ್ಟಿಗೆ ಎರಡು ಬದಲಿಸಿದ್ರೆ ಕಳ್ಳ ಯಾರಂತ ಗೊತ್ತಾಗಲ್ಲ ಅಂತಾರೆ ದಾದಾ.”

ಅವಳು ಮೋಡೆಮ್ಮುಗಳನ್ನು ಅದಲುಬದಲು ಮಾಡಿದಳು. ಅದೇ ಕರಕರ. ತಂತಿ ಬದಲಿಸಿದಳು. ಅದೇ. ಕೊನೆಗೆ ಡಬ್ಬಿಯನ್ನು ನಡುವಿನಿಂದ ತೆಗೆದು ಎರಡು ಮೋಡೆಮ್ಮುಗಳನ್ನು ನೇರ ಜೋಡಿಸಿದಳು. ಸಿಳ್ಳೆ ಏರಿತು, ಗರಗರ ಎಂದು ಮಾಗಿತು, ನಿಂತಿತು. ಎರಡು ದೀಪಗಳು ಅಲುಗದೆ ಬೆಳಗಿದವು.

“ಕಳ್ಳ ಡಬ್ಬಿಯಾಗೆ ಅದಾನೆ,” ಎಂದು ಅವಳು ಮೆಲ್ಲಗೆ ಹೇಳಿದಳು.

ಮೇಷ್ಟ್ರು ಸ್ಕ್ರೂಡ್ರೈವರಿಗೆ ಕೈ ಚಾಚಿದರು. ಇಪ್ಪತ್ತಮೂರು ವರ್ಷದ ಮುಚ್ಚಳ ಕಟ್ ಎಂದು ಬಿಟ್ಟಿತು.

ಒಳಗೆಲ್ಲ ಕೆಂಪು. ತಳದಲ್ಲಿ ಒಣಗಿ ಬಿರಿದ ಕುಂಕುಮ, ಅದರಲ್ಲಿ ಹೂತುಹೋದ ತೆಂಗಿನ ನಾರಿನ ಒಂದು ಎಳೆ. ತಂತಿ ಕಟ್ಟಬೇಕಾದ ಎರಡು ತಿರುಪುಗಳು ಹಸಿರುಗಟ್ಟಿ ಸವೆದಿದ್ದವು. ತಂತಿಗಳು ಅವುಗಳಲ್ಲಿ ಇರಲೇ ಇಲ್ಲ. ಯಾರೋ ಅವನ್ನು ತಿರುಪಿನಿಂದ ಬಿಡಿಸಿ, ಪಕ್ಕಕ್ಕೆ ತಂದು, ಕಂಬದಿಂದ ಬಂದದ್ದನ್ನು ಮೋಡೆಮ್ಮಿಗೆ ಹೋಗುವುದರೊಡನೆ ನೇರವಾಗಿ ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಹೊಸೆದ ಗಂಟು ಈಗ ಸಡಿಲಾಗಿತ್ತು, ಅಷ್ಟೇ. ಟೇಪಿನ ತುದಿಯನ್ನು ಅಂಟಿಸದೆ, ಕಡಲೆಯಷ್ಟು ಹಿಂದಕ್ಕೆ ಮಡಚಿ ಬಿಟ್ಟಿದ್ದರು.

ರುಹೀನಾ ಆ ಮಡಿಕೆಯನ್ನು ಬೆರಳಿನಿಂದ ಮುಟ್ಟಿದಳು. “ಇದು ದಾದಾ ಸುತ್ತಿದ್ದು ಮೇಷ್ಟ್ರೇ. ನಮ್ಮನೆ ಮಿಕ್ಸಿ ವಯರಿಗೂ ಹಿಂಗೇ ಸುತ್ತಾರೆ. ಮುಂದೆ ಬಿಚ್ಚೋನಿಗೆ ಉಗುರು ನೋಯಬಾರ್ದು ಅಂತ ತುದಿ ಮಡಚಿಬಿಡ್ತಾರೆ.”

ಡಬ್ಬಿಗೆ ಪೂಜೆ ಮಾಡಿದ್ದು ಆ ಒಂದೇ ದಿನ. ಡಬ್ಬಿಯ ಎದುರಿಗೇ ಕಾಯಿ ಒಡೆದದ್ದೂ ಆ ಒಂದೇ ದಿನ. ಅದರ ಮೇಲೆ ಚೂರು ನೀರು ಸಿಡಿದದ್ದನ್ನು ಶುಭವೆಂದೇ ಮೇಷ್ಟ್ರು ತಿಳಿದಿದ್ದರು; ಆ ನೀರೇ ಕುಂಕುಮವನ್ನು ಒಳಗಿಳಿಸಿತ್ತು. ಈಗ, ಕಟ್ಟಿಟ್ಟ ಗಂಟು ಬಿಚ್ಚಿದಂತೆ, ಆ ದಿನದ ಇನ್ನೊಂದು ಗಳಿಗೆ ನೆನಪಿಗೆ ಬಂತು. ಗದ್ದಲ ಮಾಡುತ್ತಿದ್ದ ಜನರನ್ನು ಸಮಾಧಾನಪಡಿಸಲು ತಾವು ಹೊರಗೆ ಹೋಗಿದ್ದರು. ತಿರುಗಿ ಬಂದಾಗ ಅಮೀರ್‌ಜಾನ್ ಗೋಡೆಯ ಬುಡದಿಂದ ಏಳುತ್ತಿದ್ದ. ಖಾಕಿ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದ. ಪ್ಯಾಂಟಿನ ಮೇಲೆ ಕೆಂಪು ಬೆರಳಚ್ಚು. “ಕಂಬ ನೋಡ್ತೀನಿ ಮೇಷ್ಟ್ರೇ. ಐದು ನಿಮಿಷ ಬಿಟ್ಟು ಹಾಕ್ರಿ,” ಎಂದಿದ್ದ. ಆ ಐದು ನಿಮಿಷಗಳಲ್ಲಿ ತಾವು ಆಜ್ಞೆಯನ್ನು ತಿದ್ದಿದ್ದರು. ತಿದ್ದಿದ್ದರಿಂದಲೇ ಗೆದ್ದೆನೆಂದು ಊರಿಗೆಲ್ಲ ಸಾರಿದ್ದರು.

“ಮೇಷ್ಟ್ರೇ, ನೀರು ತರ್ಲಾ?” ಎಂದಳು ರುಹೀನಾ.

“ಬೇಡ ತಾಯಿ. ನಾಳೆ ತ್ಯಾವಣಿಗೆಗೆ ಬಸ್ಸು ಎಷ್ಟೊತ್ತಿಗೈತೆ, ಅದು ಹೇಳು.”

ಶುಕ್ರವಾರ ನಮಾಜು ಮುಗಿಸಿ ಬಂದ ಅಮೀರ್‌ಜಾನ್ ಜಗಲಿಯ ಮೇಲೆ ಕೂತು ನೆರೆಮನೆಯವರ ಫ್ಯಾನಿನ ರೆಕ್ಕೆ ಬಿಚ್ಚುತ್ತಿದ್ದರು. ಬಸ್ಸಿಳಿದು, ಕೇಳಿಕೊಂಡು ನಡೆದು ಬಂದ ಮೇಷ್ಟ್ರನ್ನು ಕಂಡು ಮೊಣಕಾಲು ಹಿಡಿದು ಏಳಹೋದರು.

“ಏಳಬೇಡ್ರಿ, ಏಳಬೇಡ್ರಿ,” ಎಂದರು ಮೇಷ್ಟ್ರು. ಅಂದು ಏಕವಚನದಲ್ಲಿ ಕೂಗಿದ ಬಾಯಿಗೆ ಇಂದು ಬಹುವಚನ ತಾನಾಗಿ ಬಂದಿತ್ತು.

“ಯಾಕೆ, ಕಂಬ ಹತ್ತಿಸಾಕೆ ಬಂದ್ರಾ? ಈಗ ಏಣಿ ಕೊಟ್ರೂ ಆಗಲ್ಲ ನೋಡ್ರಿ,” ಎಂದು ನಕ್ಕರು ಅಮೀರ್‌ಜಾನ್.

ಮೇಷ್ಟ್ರು ನಗಲಿಲ್ಲ. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಕಪ್ಪು ಟೇಪಿನ ಆ ಚೂರನ್ನು ಅಮೀರ್‌ಜಾನರ ಅಂಗೈ ಮೇಲಿಟ್ಟರು.

ಅಮೀರ್‌ಜಾನ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇನ್ನೂ ಇತ್ತಾ ಇದು? ಆಗ ಒಳ್ಳೇ ಟೇಪು ಬರ್ತಿತ್ತು.”

“ನೀವು ಕಂಬ ಹತ್ತೋ ಮುಂಚೇನೇ ಲೈನು ಸರಿ ಮಾಡಿದ್ರಿ.”

“ಹ್ಞೂಂ.”

“ಮತ್ತೆ ಕಂಬ ಯಾಕೆ ಹತ್ತಿದ್ರಿ ಅಮೀರ್‌ಜಾನ್? ಆ ಬಿಸಿಲಾಗೆ?”

ಅಮೀರ್‌ಜಾನ್ ಫ್ಯಾನಿನ ತಿರುಪುಗಳನ್ನು ಒಂದು ತಟ್ಟೆಗೆ ಕೂಡಿಸಿದರು. “ಒಳಗೇ ನಿಂತಿದ್ರೆ ಏನಾಗಿತ್ತು, ಏನಾಗಿತ್ತು ಅಂತ ಎಲ್ರೂ ಕೇಳೋರು. ಸುಳ್ಳು ಹೇಳಾಕೆ ನಂಗೆ ಬರಲ್ಲ. ಕಂಬದ ಮ್ಯಾಲೆ ಹೋದ್ರೆ ಯಾರು ಕೇಳ್ತಾರೆ?”

“ನಿಜ ಹೇಳಿದ್ರೇನಾಗ್ತಿತ್ತು?”

“ಮೇಷ್ಟ್ರೇ, ಆವತ್ತು ನೀವು ಕರೆದು ಕರೆದು ಸೋತಿದ್ರಿ. ಎಷ್ಟು ಭಕ್ತಿಯಿಂದ ಪೂಜೆ ಮಾಡಿದ್ರಿ, ಕುಂಕುಮ ಇನ್ನೂ ಹಸಿ ಇತ್ತು. ಮಕ್ಕಳು ಅಳ್ತಿದ್ವು. ಅಂಥಾ ಟೈಮಿನಾಗೆ, ಪೂಜೆಯಿಂದ್ಲೇ ಲೈನು ಕೆಟ್ಟೋಯ್ತು ಅಂತ, ಅದೂ ನಾನು, ಇನ್ನೂರು ಜನದ ಮುಂದೆ ಹೇಳಾಕೆ ಆಗುತ್ತೇನ್ರಿ? ಕಾಯಿ ನೀರು ಒರೆಸ್ದೆ, ತಂತಿ ಹೊಸೆದೆ, ಮ್ಯಾಲೆ ಹೋಗಿ ಕುಂತೆ. ಸಿಳ್ಳೆ ಅಲ್ಲಿಗೂ ಕೇಳಿಸ್ತು. ನಿಂತಾಗ ನಂಗೂ ಖುಷಿ ಆಯ್ತು.”

“ನಾನು ನಿಮ್ಮನ್ನ ಮುಂದಿಟ್ಟು ಊರನ್ನ ನಗಿಸಿದೆ. ಆವತ್ತಿಂದ ಇವತ್ತಿನವರೆಗೂ ನಗಿಸ್ತಾನೇ ಇದೀನಿ.”

“ಮೊದಮೊದ್ಲು ಬೇಜಾರಾಗ್ತಿತ್ತು.” ಅಮೀರ್‌ಜಾನ್ ಅದನ್ನು ಮುಚ್ಚಿಡಲಿಲ್ಲ. “ಆಮ್ಯಾಲೆ, ಇರ್ಲಿ, ಆ ಕತೆಯಾಗೆ ನಾನೂ ಅದೀನಲ್ಲ ಅಂತ ಸುಮ್ನಾದೆ. ಆದ್ರೆ ಈ ಹುಡುಗಿ ಅದೇ ಊರಿಗೆ ಕೆಲಸಕ್ಕೆ ಹೋದ ಮ್ಯಾಲೆ ಆ ಬೇಜಾರು ಮತ್ತೆ ಶುರುವಾಯ್ತು.”

ಮೇಷ್ಟ್ರು ತಟ್ಟೆಯಿಂದ ಉರುಳಿ ಬಿದ್ದಿದ್ದ ತಿರುಪೊಂದನ್ನು ಬಗ್ಗಿ ಎತ್ತಿ, ಅಮೀರ್‌ಜಾನರ ಕೈಗೆ ಕೊಟ್ಟರು. ಆಮೇಲೆ ಆ ಕೈಯನ್ನು ಬಿಡಲಿಲ್ಲ.

“ನಾಳೆ ನಾನು ಹೇಳ್ತೀನಿ,” ಎಂದರು ಕಡೆಗೆ.

“ಕಾಯಿ ವಿಷಯ ಬ್ಯಾಡ್ರಿ. ಮಕ್ಕಳು ನಿಮ್ಮನ್ನ ನೋಡಿ ನಗ್ತಾವೆ.”

“ನಗಲಿ. ಸರದಿ ನನ್ನದು.”

ಶನಿವಾರ ಶಾಲೆಯ ಸಭಾಂಗಣದಲ್ಲಿ ಎರಡು ಮೇಜು, ಎರಡು ಯಂತ್ರ, ನಡುವೆ ಆ ಬಿಳಿ ಡಬ್ಬಿ, ಮುಚ್ಚಳ ತೆಗೆದೇ ಇಟ್ಟದ್ದು. ಕುಂಕುಮವನ್ನು ಒರೆಸಲು ಮೇಷ್ಟ್ರು ಒಪ್ಪಿರಲಿಲ್ಲ. ತಂತಿಯನ್ನು ಮಾತ್ರ ಬೆಳಿಗ್ಗೆ ಅಮೀರ್‌ಜಾನರೇ ಹೊಸದಾಗಿ ಹೊಸೆದು ಟೇಪು ಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂರಹೊರಟಿದ್ದವರನ್ನು ಮೇಷ್ಟ್ರು ಕೈಹಿಡಿದು ಎರಡನೆಯ ಯಂತ್ರದ ಮುಂದೆ ಕೂರಿಸಿದರು.

“ನಂಗೆ ಕಂಬ ಹತ್ತಾಕೆ ಬರ್ತೈತೆ, ಇದೆಲ್ಲಿ ಬರ್ತೈತೆ ಮೇಷ್ಟ್ರೇ?”

“ನಾನು ಕರೀತೀನಿ. ನೀವು ಎತ್ತಿದ್ರೆ ಸಾಕು.”

ಮೇಷ್ಟ್ರು ಕತೆ ಶುರುಮಾಡಿದರು: ಟೈಪ್‌ರೈಟರು ಮಾರಿದ್ದು, ನಿಘಂಟು, ತೊಂಬತ್ತನೆಯ ಪುಟ. ಅಷ್ಟೂ ತಮ್ಮದೇ ಆಗಿದ್ದರಿಂದ ಗತ್ತಿನಲ್ಲೇ ಹೇಳಿದರು. ಆಮೇಲೆ ಪೂಜೆಗೆ ಬಂದರು. ಕಾಯಿಯನ್ನು ಎಲ್ಲಿ ಒಡೆದೆನೆಂದು ಕೈಮಾಡಿ ತೋರಿಸಿದಾಗ ನಾನೂರು ಮಕ್ಕಳು ಘೊಳ್ಳೆಂದು ನಕ್ಕವು. ಮೇಷ್ಟ್ರು ನಗು ಮುಗಿಯುವವರೆಗೆ ಕಾದರು. ಬಳಿಕ, ಲೈನು ಸರಿಮಾಡಿಯಾದ ಮೇಲೆ ಒಬ್ಬ ಮನುಷ್ಯ ಮೇ ತಿಂಗಳ ಬಿಸಿಲಿನಲ್ಲಿ ಸುಮ್ಮನೆ ಕಂಬ ಹತ್ತಿ ಕೂತದ್ದು ಏತಕ್ಕೆಂದು ಹೇಳಿದರು. ಆಗ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗರು ತಲೆ ತಗ್ಗಿಸಿದರು. ಅಮೀರ್‌ಜಾನ್ ಎತ್ತಲೋ ನೋಡುತ್ತ ಟೋಪಿ ಸರಿಮಾಡಿಕೊಂಡರು.

ಮೇಷ್ಟ್ರು ಆಜ್ಞೆ ಬರೆದು ಗುಂಡಿ ಒತ್ತಿದರು. ಅಮೀರ್‌ಜಾನ್ ಒಂದೇ ಬೆರಳಿನಿಂದ ಗುಂಡಿ ಒತ್ತಿ ಕರೆ ಎತ್ತಿಕೊಂಡರು. ಸಿಳ್ಳೆ ಏರಿ, ಗರಗರ ಎಂದು, ನಿಂತಿತು. ಮೇಷ್ಟ್ರು ಇತ್ತ ಒತ್ತಿದ ಇಂಗ್ಲಿಷ್ ಅಕ್ಷರಗಳು ಅತ್ತ ಅಮೀರ್‌ಜಾನರ ಪರದೆಯ ಮೇಲೆ ಒಂದೊಂದೇ ಮೂಡಿದವು. ರುಹೀನಾ ಅವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದಳು: “ಇಳಿಯಿರಿ ಅಮೀರ್‌ಜಾನ್. ಸಿಕ್ಕಿತು.”

ಸಂಜೆ ಸಭಾಂಗಣ ಬರಿದಾದ ಮೇಲೆ ಮೂವರೇ ಉಳಿದಿದ್ದರು. ಅಮೀರ್‌ಜಾನ್ ತಂತಿಯನ್ನು ಸುರುಳಿ ಸುತ್ತಿ, ಬಿಚ್ಚಿಕೊಳ್ಳದಂತೆ ಒಂದು ಚೂರು ಟೇಪು ಹಾಕಿ, ತುದಿಯನ್ನು ಮಡಚಿದರು. ಮೇಷ್ಟ್ರು ಡಬ್ಬಿಯ ಮುಚ್ಚಳವನ್ನು ಹುಡುಕುತ್ತಿದ್ದರು. ತ್ಯಾವಣಿಗೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ರುಹೀನಾ ಇಬ್ಬರ ನಡುವೆ ಒಂದು ಬೆಂಚು ಎಳೆದುಕೊಂಡು ಕೂತಳು.

“ಮೇಷ್ಟ್ರೇ, ಇನ್ನೊಂದ್ಸಲ ಹೇಳ್ರಿ,” ಎಂದಳು. “ಕಾಯಿ ಒಡೆದ್ರಲ್ಲ, ಅಲ್ಲಿಂದ.”